ಕೊನೆಯ ಅಂಕಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಅಡಿಕೆ ತೋಟ. ಮನೆಯ ಹಿಂದಿನ ಹಳೆಯ ಕೊಟ್ಟಿಗೆಯಲ್ಲಿ ಒಂದು ಸಣ್ಣ ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡು ಅಡಿಕೆ ಸುಲಿಯುವ ಯಂತ್ರದ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಕಳೆದ ವರ್ಷ ಸುಮಾರು ಒಂಬತ್ತು ನೂರು ರೂಪಾಯಿ ಕೊಟ್ಟು ಸ್ಟೀಲಿನ ಡಿಜಿಟಲ್ ವರ್ನಿಯರ್ ತರಿಸಿದೆ. ಒಂದೇ ಶಾಫ್ಟನ್ನು ಮೂರು ಸಲ ಅಳೆದರೆ 20.02, 19.97, 19.95 ಮಿ.ಮೀ. ಎಂದು ಮೂರು ಬಗೆ ತೋರಿಸುತ್ತದೆ. ಅದನ್ನು ನಂಬಿ ತಯಾರಿಸಿದ ಶಾಫ್ಟಿನ ಮೇಲೆ 6204 ಬೇರಿಂಗ್ ಸಡಿಲವಾಗಿ ಕೂತಿದೆ. ಬ್ಯಾಟರಿ ಮೂರು ತಿಂಗಳಿಗೆ ಮುಗಿಯುತ್ತದೆ, ಮಳೆಗಾಲದಲ್ಲಿ ಅಂಕಿಗಳು ತಾವಾಗಿಯೇ ಕುಣಿಯುತ್ತವೆ. ಇದನ್ನು ಎಸೆದು ಜಪಾನಿನದನ್ನು ಕೊಳ್ಳಿ ಎಂದು ಪೇಟೆಯ ಟರ್ನರ್ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಎಸೆಯಬೇಡಿ. ಪೇಟೆಯ ಟರ್ನರ್ ಹೇಳಿದ್ದರಲ್ಲಿ ನಿಜಾಂಶ ಇದೆ, ಆದರೆ ನಿಮ್ಮ ತೊಂದರೆಗೆ ಅದು ಮದ್ದಲ್ಲ. ಆರು ಸಾವಿರದ ಉಪಕರಣ ತಂದು ಇದೇ ರೀತಿ ಹಿಡಿದು ಅಳೆದರೂ ನಿಮಗೆ ಮೂರು ಬೇರೆ ಬೇರೆ ಅಂಕಿಗಳೇ ಸಿಗುತ್ತವೆ, ಅವುಗಳ ನಡುವಿನ ಅಂತರ ಸ್ವಲ್ಪ ಕಡಿಮೆಯಾಗಬಹುದು ಅಷ್ಟೆ. ಪೀಣ್ಯದ ಟೂಲ್‌ರೂಮುಗಳಲ್ಲಿ ಮೂವತ್ತು ವರ್ಷ ತಪಾಸಣೆಯ ಮೇಜಿನ ಮುಂದೆ ಕೂತವನು ನಾನು. ನೀವು ಬರೆದ ಮೂರು ಅಂಕಿಗಳನ್ನು ನೋಡಿದರೆ ಉಪಕರಣಕ್ಕಿಂತ ಹೆಚ್ಚಾಗಿ ನಿಮ್ಮ ಹೆಬ್ಬೆರಳು, ಶಾಫ್ಟಿನ ಅಂಚು, ಅದನ್ನು ಹಿಡಿಯುವ ದವಡೆಯ ಮೇಲಿನ ಕೊಳೆ ಇವುಗಳ ಸುದ್ದಿಯೇ ನನಗೆ ಅವುಗಳಲ್ಲಿ ಕಾಣುತ್ತದೆ.

ಮೊದಲು ಪರದೆಯ ಹಿಂದೆ ಏನಿದೆ ಎಂದು ತಿಳಿದುಕೊಳ್ಳಿ. ಇದರ ಸರಿಯಾದ ಹೆಸರು ಕ್ಯಾಲಿಪರ್, ನಮ್ಮ ಕಡೆ ಎಲ್ಲರೂ ಇದನ್ನು ವರ್ನಿಯರ್ ಎಂದೇ ಕರೆಯುತ್ತೇವೆ. ಆದರೆ 1631ರಲ್ಲಿ ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ ಪ್ರಕಟಿಸಿದ, ಗೆರೆಗೆ ಗೆರೆ ಕೂಡಿಸಿ ಓದುವ ಆ ಪಟ್ಟಿ ಇದರಲ್ಲಿ ಇಲ್ಲವೇ ಇಲ್ಲ. ಉದ್ದ ಪಟ್ಟಿಯ ಮೇಲೆ ಅಂಕಿ ಅಚ್ಚಾದ ಸ್ಟಿಕ್ಕರ್ ಇದೆಯಲ್ಲ, ಅದರ ಕೆಳಗೆ ರೇಡಿಯೋ ಒಳಗಿರುವಂಥ ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಅದರ ಮೇಲೆ ಸಾಲಾಗಿ ತಾಮ್ರದ ಗೆರೆಗಳು. ಜಾರುವ ತಲೆಯ ಒಳಗೂ ಅಂಥದೇ ತಾಮ್ರದ ಪಟ್ಟಿಗಳಿವೆ. ಎರಡರ ನಡುವಿನ ವಿದ್ಯುತ್ ಧಾರಕತೆ, ಅಂದರೆ ಕೆಪಾಸಿಟನ್ಸ್, ತಲೆ ಸರಿದಂತೆ ಏರಿಳಿಯುತ್ತದೆ. ಸಾಮಾನ್ಯವಾಗಿ ಸುಮಾರು 5 ಮಿ.ಮೀ. ಸರಿದರೆ ಒಂದು ಆವರ್ತ ಮುಗಿಯುತ್ತದೆ. ಒಳಗಿನ ಚಿಪ್ ಎಷ್ಟು ಆವರ್ತ ಕಳೆಯಿತು ಎಂದು ಎಣಿಸುತ್ತದೆ, ಈಗಿನ ಆವರ್ತವನ್ನು ಐನೂರು ಚೂರು ಮಾಡಿ ಎಷ್ಟನೇ ಚೂರಿನಲ್ಲಿದ್ದೇನೆ ಎಂದು ಅಂದಾಜಿಸುತ್ತದೆ. ಆ ಒಂದು ಚೂರೇ ನಿಮಗೆ ಕಾಣುವ 0.01.

ಆದ್ದರಿಂದ 0.01 ಎಂಬುದು ಅದು ತೋರಿಸಬಲ್ಲ ಅತಿ ಸಣ್ಣ ಹೆಜ್ಜೆ ಮಾತ್ರ. ಆ ಹೆಜ್ಜೆ ಸರಿಯಾದ ಜಾಗದಲ್ಲಿ ಬಿದ್ದಿದೆ ಎಂಬ ಭರವಸೆಯನ್ನು ತಯಾರಕರೂ ಕೊಡುವುದಿಲ್ಲ. ಡಬ್ಬಿಯೊಳಗಿನ ಚೀಟಿ ಓದಿ: 100 ಮಿ.ಮೀ. ವರೆಗೆ ±0.02, ಅದರಾಚೆ ±0.03 ಎಂಬಂಥ ಮಾತು ಅಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹೆಸರುವಾಸಿ ಜಪಾನಿ ಕಂಪನಿಯ ಕ್ಯಾಲಿಪರ್ ಕೂಡ 150 ಮಿ.ಮೀ. ಅಳತೆಯದು ±0.02 ಎಂದೇ ಹೇಳಿಕೊಳ್ಳುತ್ತದೆ. ಬೆಲೆ ಆರೇಳು ಪಟ್ಟು ಹೆಚ್ಚಾದರೂ ಬರಹದಲ್ಲಿ ಕೊಡುವ ನಿಖರತೆ ಹೆಚ್ಚುಕಡಿಮೆ ಇಷ್ಟೇ. ದುಬಾರಿಯದರಲ್ಲಿ ದವಡೆ ನೇರವಾಗಿರುತ್ತದೆ, ತಲೆ ಬೆಣ್ಣೆಯಂತೆ ಜಾರುತ್ತದೆ, ಹೇಳಿದ ಮಾತನ್ನು ಹತ್ತು ವರ್ಷ ಉಳಿಸಿಕೊಳ್ಳುತ್ತದೆ. ಆ ಗುಣಗಳಿಗೆ ಬೆಲೆ ಕೊಡುವುದು ನ್ಯಾಯವೇ. ಆದರೆ ಎರಡೂ ಕ್ಯಾಲಿಪರ್‌ಗಳೇ, ಬೆಲ್ಲ ತೂಗುವ ತಕ್ಕಡಿಗಳು. ಚಿನ್ನ ತೂಗಲು ಬೇರೆ ತಕ್ಕಡಿ ಬೇಕು, ಅದರ ಮಾತಿಗೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಮೂರು ಅಂಕಿಗಳು. ಕ್ಯಾಲಿಪರ್ ತಪ್ಪಿದಾಗ ಎಷ್ಟು ತಪ್ಪಿತು ಎಂಬುದಕ್ಕಿಂತ ಯಾವ ಕಡೆಗೆ ತಪ್ಪಿತು ಎಂದು ಮೊದಲು ಕೇಳಿ. ಹೆಚ್ಚು ತೋರಿಸಿತೋ, ಕಡಿಮೆ ತೋರಿಸಿತೋ? ಕಾರಣ ಆ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ.

ಹೊರ ಅಳತೆಯಲ್ಲಿ ಹೆಚ್ಚು ತೋರಿಸಿದರೆ ಸಾಮಾನ್ಯವಾಗಿ ಮೂರು ಕಾರಣ. ಜಾಬಿನ, ಅಂದರೆ ಅಳೆಯುವ ತುಂಡಿನ, ಅಂಚಿನಲ್ಲಿ ಬರ್ (ಕೆರೆದಾಗ ಏಳುವ ಲೋಹದ ಮುಳ್ಳು) ಉಳಿದಿದೆ, ದವಡೆ ಅದರ ಮೇಲೆ ಕೂತಿದೆ. ಇಲ್ಲವೇ ಮೈಮೇಲೆ ಚೂರು ಅಂಟಿಕೊಂಡಿದೆ. ಇಲ್ಲವೇ ಕ್ಯಾಲಿಪರನ್ನು ಓರೆಯಾಗಿ ಹಿಡಿದಿದ್ದೀರಿ. ಓರೆಯ ಲೆಕ್ಕ ಕೇಳಿ: 100 ಮಿ.ಮೀ. ಉದ್ದದ ತುಂಡನ್ನು ಒಂದು ಡಿಗ್ರಿ ಓರೆಯಾಗಿ ಅಳೆದರೆ ಬರೀ 0.015 ಹೆಚ್ಚು ಬರುತ್ತದೆ. ಎರಡು ಡಿಗ್ರಿಗೆ ಅದು 0.06 ಆಗುತ್ತದೆ. ಓರೆ ಇಮ್ಮಡಿಯಾದರೆ ತಪ್ಪು ನಾಲ್ಕು ಮಡಿಯಾಗುತ್ತದೆ. ಅದಕ್ಕೇ ಅಳೆಯುವಾಗ ಕ್ಯಾಲಿಪರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ, ಪರದೆ ಅತಿ ಕಡಿಮೆ ತೋರಿಸುವ ಜಾಗದಲ್ಲಿ ನಿಲ್ಲಿಸಿ ಓದಬೇಕು.

ಕಡಿಮೆ ತೋರಿಸಿದರೆ ಕಾರಣಗಳ ಪಟ್ಟಿಯೇ ಬೇರೆ. ಒಂದು, ಸೊನ್ನೆ ಒತ್ತುವಾಗ ದವಡೆಗಳ ನಡುವೆ ಏನೋ ಇತ್ತು. ಎರಡು, ದುಂಡನೆಯ ಶಾಫ್ಟಿನ ನಡುಮಧ್ಯಕ್ಕೆ ದವಡೆ ತಲುಪಿಲ್ಲ, ನೀವು ಅಳೆದದ್ದು ವ್ಯಾಸವನ್ನಲ್ಲ. ಮೂರನೆಯದು ಅತಿ ಸಾಮಾನ್ಯವಾದದ್ದು, ನಿಮ್ಮ 19.95ರ ಹಿಂದೆ ಇದೇ ಇದೆ ಎಂದು ನನ್ನ ಊಹೆ: ಹೆಬ್ಬೆರಳ ಒತ್ತಡ. ಶಾಫ್ಟು ದವಡೆಗಳ ತುದಿಯಲ್ಲಿದ್ದಾಗ ಬಿಗಿಯಾಗಿ ಒತ್ತಿದರೆ ತುದಿ ಶಾಫ್ಟಿಗೆ ತಾಗಿ ನಿಂತುಬಿಡುತ್ತದೆ, ಬುಡ ಮಾತ್ರ ಇನ್ನೊಂದಿಷ್ಟು ಮುಂದಕ್ಕೆ ಸರಿಯುತ್ತದೆ. ಜಾರುವ ತಲೆ ಪಟ್ಟಿಯ ಮೇಲೆ ಓರೆಯಾಗುತ್ತದೆ. ಪರದೆ ಓದುವುದು ಬುಡದ ಚಲನೆಯನ್ನು, ತುದಿ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ತಲೆಯ ಉದ್ದ 50 ಮಿ.ಮೀ., ದವಡೆಯ ತುದಿ ಪಟ್ಟಿಯಿಂದ 40 ಮಿ.ಮೀ. ದೂರ ಎಂದಿಟ್ಟುಕೊಳ್ಳಿ. ಪಟ್ಟಿಯ ಮೇಲೆ ತಲೆಗೆ ಬರೀ 0.02 ಸಡಿಲವಿದ್ದರೂ ತುದಿಯಲ್ಲಿ 0.016 ತಪ್ಪುತ್ತದೆ. ಅಗ್ಗದ ಉಪಕರಣಗಳಲ್ಲಿ ಸಡಿಲ ಅದಕ್ಕಿಂತ ಹೆಚ್ಚೇ ಇರುತ್ತದೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲೇ ಇದರ ಮೂಲವನ್ನು ಹೇಳಿಟ್ಟಿದ್ದಾನೆ. ಅಳೆಯುವ ವಸ್ತುವೂ ಅಳತೆಯ ಪಟ್ಟಿಯೂ ಒಂದೇ ನೇರದಲ್ಲಿರಬೇಕು ಎಂಬುದು ಅವನ ಸೂತ್ರ. ಕ್ಯಾಲಿಪರ್ ತನ್ನ ಹುಟ್ಟಿನಿಂದಲೇ ಆ ಸೂತ್ರಕ್ಕೆ ಹೊರತು, ಸ್ಕ್ರೂ ತಿರುಗಿಸಿ ಅಳೆಯುವ ಮೈಕ್ರೋಮೀಟರ್ ಅದಕ್ಕೆ ಬದ್ಧ.

ಹಾಗಾಗಿ ಜಾಬನ್ನು ಸಾಧ್ಯವಾದಷ್ಟು ಪಟ್ಟಿಯ ಹತ್ತಿರಕ್ಕೆ, ದವಡೆಯ ದಪ್ಪ ಭಾಗಕ್ಕೆ ತನ್ನಿ. ತುದಿಯ ಚೂಪು ಭಾಗ ಇರುವುದು ಕಿರಿದಾದ ತೋಡುಗಳ ಒಳಗೆ ಇಳಿಸಲಿಕ್ಕೆ. ಅದು ಬೇಗ ಸವೆಯುತ್ತದೆ, ದಿನದ ಅಳತೆಗೆ ಅದನ್ನು ಬಳಸಬೇಡಿ. ಆ ತುದಿಯಿಂದ ಜಾಬಿನ ಮೇಲೆ ಗೆರೆ ಗೀಚುವವರನ್ನು ನೋಡಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಲೇತ್ ತಿರುಗುತ್ತಿರುವಾಗ ಅಳೆಯುವುದಂತೂ ದವಡೆಗೂ ಕೈಗೂ ಅಪಾಯ.

ಸೊನ್ನೆಯ ವಿಷಯದಲ್ಲಿ ನನಗಾದ ಒಂದು ಅನುಭವವಿದೆ. ನಮ್ಮ ಟೂಲ್‌ರೂಮಿಗೆ ಡಿಜಿಟಲ್ ಕ್ಯಾಲಿಪರ್ ಹೊಸದಾಗಿ ಬಂದಿದ್ದ ಕಾಲ. ಒಳವ್ಯಾಸ 20 ಮಿ.ಮೀ. ಇರಬೇಕಾದ ಹಿತ್ತಾಳೆ ಬುಷ್‌ಗಳ ಒಂದು ಕಂತು ಲೇತಿನ ಮೇಲಿತ್ತು. ರಂಧ್ರದೊಳಗೆ ತೂರಿಸಿ ಪರೀಕ್ಷಿಸುವ ಪ್ಲಗ್ ಗೇಜ್ ಇನ್ನೊಂದು ವಿಭಾಗಕ್ಕೆ ಹೋಗಿದ್ದರಿಂದ ನಾನು ಕ್ಯಾಲಿಪರ್ ಹಿಡಿದೆ. ದವಡೆ ಮುಚ್ಚಿ ಸೊನ್ನೆ ಒತ್ತಿದೆ. ಆಗ ದವಡೆಗಳ ನಡುವೆ ಕೂದಲಿಗಿಂತ ತೆಳುವಾದ ಒಂದು ಹಿತ್ತಾಳೆ ಚೂರು ಇತ್ತು. ಮುಂದಿನ ಅಳತೆಗೆ ತೆರೆದಾಗ ಅದು ಉದುರಿಹೋಯಿತು. ಅಂದಿನಿಂದ ಪರದೆ ಎಲ್ಲವನ್ನೂ 0.04 ಕಡಿಮೆ ಹೇಳತೊಡಗಿತು. 20.00 ಬಂತು ಎಂದು ನಾನು ಒಪ್ಪಿಗೆ ಕೊಟ್ಟ ಪ್ರತಿ ರಂಧ್ರವೂ ನಿಜದಲ್ಲಿ 20.04 ಇತ್ತು. ಶಾಫ್ಟಾಗಿದ್ದರೆ ಇನ್ನೊಮ್ಮೆ ಕೆರೆದು ಸರಿಪಡಿಸಬಹುದಿತ್ತು, ರಂಧ್ರಕ್ಕೆ ಲೋಹವನ್ನು ಮರಳಿ ಹಾಕುವುದು ಸಾಧ್ಯವಿಲ್ಲ. ಅಷ್ಟೂ ಬುಷ್‌ಗಳು ಗುಜರಿಗೆ ಹೋದವು. ಸಂಜೆ ನಮ್ಮ ಮೇಲ್ವಿಚಾರಕರು ಬೈಯಲಿಲ್ಲ. ಕ್ಯಾಲಿಪರ್ ತೆಗೆದುಕೊಂಡು ದವಡೆಗಳ ನಡುವೆ ಒಂದು ಬಿಳಿ ಕಾಗದದ ತುಂಡು ಇಟ್ಟು, ಹಗುರವಾಗಿ ಮುಚ್ಚಿ, ಕಾಗದವನ್ನು ನಿಧಾನವಾಗಿ ಎಳೆದು ತೆಗೆದರು. ಕಾಗದದ ಮೇಲೆ ಎರಡು ಕಪ್ಪು ಗೆರೆ ಮೂಡಿದ್ದವು. ಇನ್ನೊಮ್ಮೆ ಎಳೆದರು, ಗೆರೆ ಮಾಸಲಾಯಿತು. ಮೂರನೆಯ ಸಲ ಕಾಗದ ಬಿಳಿಯಾಗಿಯೇ ಹೊರಬಂತು. ಆಗ ಸೊನ್ನೆ ಒತ್ತಿ ನನ್ನ ಕೈಗೆ ಕೊಟ್ಟರು. ಆ ದಿನದಿಂದ ಇಂದಿನವರೆಗೆ ಕಾಗದ ಎಳೆಯದೆ ನಾನು ಸೊನ್ನೆ ಒತ್ತಿಲ್ಲ.

ನೀವೂ ಹಾಗೆಯೇ ಮಾಡಿ. ದವಡೆ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕಿನ ಗೆರೆ ಕಾಣಬಾರದು. ಕಣ್ಣು ಈ ವಿಷಯದಲ್ಲಿ ಬಹಳ ಚುರುಕು, ಕೆಲವೇ ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಸಂದಿನ ಬೆಳಕನ್ನೂ ಹಿಡಿದುಬಿಡುತ್ತದೆ. ತುದಿಯಲ್ಲಿ ಮಾತ್ರ ಬೆಳಕು ಕಂಡರೆ ದವಡೆ ಸವೆದಿದೆ ಅಥವಾ ತಲೆ ಸಡಿಲವಾಗಿದೆ. ಇಡೀ ಉದ್ದಕ್ಕೆ ಸಮನಾಗಿ ಕಂಡರೆ ಎಲ್ಲೋ ಬರ್ ಇದೆ, ಅದನ್ನು ಬೆರಳ ಉಗುರಿನಿಂದ ಸವರಿ ಹುಡುಕಿ, ನುಣುಪು ಕಲ್ಲಿನಿಂದ ಅಲ್ಲಿ ಮಾತ್ರ ಮೆಲ್ಲಗೆ ಉಜ್ಜಿ. ಆಮೇಲೆ ಹತ್ತು ಸಲ ತೆರೆದು ಮುಚ್ಚಿ. ಹತ್ತು ಸಲವೂ 0.00 ಅಥವಾ ಹೆಚ್ಚೆಂದರೆ 0.01 ಬಂದರೆ ನಿಮ್ಮ ಉಪಕರಣ ಆರೋಗ್ಯವಾಗಿದೆ.

ಸೊನ್ನೆಯಲ್ಲಿ ಸರಿ ಇದ್ದ ಮಾತ್ರಕ್ಕೆ 47ರಲ್ಲೂ ಸರಿ ಇರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಇದಕ್ಕೆ ಸ್ಲಿಪ್ ಗೇಜ್ ಎಂಬ ನಿಖರ ಅಳತೆಯ ತುಂಡುಗಳು ಇರುತ್ತವೆ. ನಿಮ್ಮ ಕೊಟ್ಟಿಗೆಯಲ್ಲೂ ಅದಕ್ಕೆ ಸಮನಾದ ವಸ್ತು ಇದೆ, ಅದೇ 6204 ಬೇರಿಂಗ್. ಒಳ್ಳೆಯ ಕಂಪನಿಯ ಹೊಸ ಬೇರಿಂಗಿನ ಹೊರವ್ಯಾಸ 47 ಮಿ.ಮೀ., ಸಾಮಾನ್ಯ ದರ್ಜೆಯಲ್ಲಿ ಅದು 47ನ್ನು ಮೀರುವಂತಿಲ್ಲ, 0.011ಕ್ಕಿಂತ ಹೆಚ್ಚು ಕಡಿಮೆಯಾಗುವಂತೆಯೂ ಇಲ್ಲ. ಒಳವ್ಯಾಸ 20, ಅದರಲ್ಲಿ 0.010 ಮಾತ್ರ ಕಡಿಮೆಯಾಗಬಹುದು. ಫ್ಯಾನಿನಲ್ಲಿ ಬಳಸುವ 6202ರ ಹೊರವ್ಯಾಸ 35, ಮಕ್ಕಳ ಸ್ಕೇಟಿಂಗ್ ಚಕ್ರದ 608ರದ್ದು 22. ಈ ಮೂರು ಅಳತೆಗಳು ಪಟ್ಟಿಯ ಮೇಲೆ ಬೇರೆ ಬೇರೆ ಜಾಗಕ್ಕೆ ಬೀಳುತ್ತವೆ, ಆದ್ದರಿಂದ ಪರೀಕ್ಷೆಗೆ ಹೇಳಿಮಾಡಿಸಿದಂತಿವೆ. ಒಂದು ಎಚ್ಚರಿಕೆ: ಬೇರಿಂಗಿನ ಅಗಲವನ್ನು ಗೇಜ್ ಎಂದುಕೊಳ್ಳಬೇಡಿ. 6204ರ ಅಗಲ 14 ಎಂದು ಬರೆದಿದ್ದರೂ 0.12 ವರೆಗೆ ಕಡಿಮೆ ಇರಲು ಅನುಮತಿ ಇದೆ. ಅಗಲ ಅಳೆದು 13.92 ಬಂತು ಎಂದು ಒಳ್ಳೆಯ ಕ್ಯಾಲಿಪರನ್ನು ಶಪಿಸಿದವರನ್ನು ನಾನು ಬಲ್ಲೆ.

ಈ ಬೇರಿಂಗನ್ನೇ ಹಿಡಿದು ಒಂದು ಅಭ್ಯಾಸ ಮಾಡಿ. ಪಟ್ಟಿಯ ಹತ್ತಿರ ಹಿಡಿದು ಹೊರವ್ಯಾಸ ಅಳೆಯಿರಿ. ಹಗುರ ಒತ್ತಡದಲ್ಲಿ 47.00 ಅಥವಾ 46.99 ಬರಬೇಕು. ಈಗ ಪರದೆಯನ್ನೇ ನೋಡುತ್ತ ಹೆಬ್ಬೆರಳನ್ನು ನಿಧಾನವಾಗಿ ಬಿಗಿ ಮಾಡಿ. 46.98, 46.97 ಎಂದು ಇಳಿಯುತ್ತದೆ. ಬೇರಿಂಗ್ ಕುಗ್ಗುತ್ತಿಲ್ಲ, ತಲೆ ಓರೆಯಾಗುತ್ತಿದೆ. ಈಗ ಬೇರಿಂಗನ್ನು ದವಡೆಯ ತುದಿಗೆ ತಂದು ಅದನ್ನೇ ಮಾಡಿ, ಇಳಿತ ಇನ್ನೂ ಹೆಚ್ಚಾಗುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಮಾಡಿದರೆ ಕೈಗೆ ಒಂದು ಹದ ಬರುತ್ತದೆ. ಹೆಬ್ಬೆರಳ ಚಕ್ರ ಜಾಬಿಗೆ ತಾಗಿ ನಿಂತಿತು, ಇನ್ನು ಸಾಕು ಎಂದು ಕೈಯೇ ಹೇಳುತ್ತದೆ. ಈ ಹದ ಹಣ ಕೊಟ್ಟರೆ ಬರುವಂಥದ್ದಲ್ಲ, ಬಂದ ಮೇಲೆ ಅಗ್ಗದ ಉಪಕರಣವೂ ಎರಡು ಪಟ್ಟು ನಂಬಿಕೆಗೆ ಅರ್ಹವಾಗುತ್ತದೆ.

ಇಳಿತ 0.05 ದಾಟಿದರೆ ತಲೆಯ ಸಡಿಲವನ್ನು ತೆಗೆಯಬೇಕು. ಜಾರುವ ತಲೆಯ ಮೇಲಂಚಿನಲ್ಲಿ ಎರಡು ಪುಟ್ಟ ಸ್ಕ್ರೂಗಳಿವೆ, ಅವು ಒಳಗಿನ ಒಂದು ತೆಳು ಪಟ್ಟಿಯನ್ನು ಒತ್ತುತ್ತವೆ. ವಾಚ್ ರಿಪೇರಿಯ ಸ್ಕ್ರೂಡ್ರೈವರ್ ಬೇಕಾಗುತ್ತದೆ. ತಲೆ ಅಲುಗಾಡದಷ್ಟು ಎರಡನ್ನೂ ಸಮನಾಗಿ ಬಿಗಿ ಮಾಡಿ, ಆಮೇಲೆ ಸುತ್ತಿನ ಎಂಟನೇ ಒಂದು ಭಾಗದಷ್ಟು ಹಿಂದಕ್ಕೆ ಬಿಡಿ. ಪಟ್ಟಿಯ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಬಿಗಿಯಲ್ಲಿ ಜಾರಬೇಕು. ನಡುವೆ ಎಲ್ಲಾದರೂ ಕಚ್ಚಿಕೊಂಡರೆ ಅಲ್ಲಿ ಪಟ್ಟಿಯ ಅಂಚು ಒರಟಾಗಿದೆ ಎಂದರ್ಥ, ಸ್ಕ್ರೂ ಸಡಿಲಿಸುವ ಮೊದಲು ಅಂಚನ್ನು ಒರೆಸಿ ನೋಡಿ. ನನ್ನ ಅನುಭವದಲ್ಲಿ ಒಂಬತ್ತು ನೂರರ ಕ್ಯಾಲಿಪರಿಗೆ ಮಾಡಬಹುದಾದ ಅತ್ಯುತ್ತಮ ಉಪಕಾರ ಇದು. ಬಹಳ ಮಂದಿ ಕೊಂಡವರಿಗೆ ಆ ಸ್ಕ್ರೂಗಳು ಇವೆ ಎಂಬುದೇ ತಿಳಿದಿರುವುದಿಲ್ಲ.

ಮೇಲಿನ ಪುಟ್ಟ ದವಡೆಗಳಿಂದ ರಂಧ್ರದ ಒಳವ್ಯಾಸ ಅಳೆಯುವಾಗ ತೂಗುವ ದಿಕ್ಕು ಎರಡು ಬಗೆ: ಅಡ್ಡಕ್ಕೆ ಆಡಿಸಿದಾಗ ಅತಿ ಹೆಚ್ಚಿನ ಅಂಕಿ, ರಂಧ್ರದ ಉದ್ದಕ್ಕೆ ಆಡಿಸಿದಾಗ ಅತಿ ಕಡಿಮೆ ಅಂಕಿ. ಸಣ್ಣ ರಂಧ್ರಗಳಲ್ಲಿ ಈ ದವಡೆಗಳು ಯಾವಾಗಲೂ ಕಡಿಮೆಯನ್ನೇ ಹೇಳುತ್ತವೆ, ಏಕೆಂದರೆ ಅವುಗಳ ಅಂಚು ಚಪ್ಪಟೆ, ರಂಧ್ರ ದುಂಡು. ಅಂಚು ಅರ್ಧ ಮಿ.ಮೀ. ಅಗಲವಿದ್ದರೆ 3 ಮಿ.ಮೀ. ರಂಧ್ರವನ್ನು ಸುಮಾರು 2.96 ಎಂದು ಓದುತ್ತದೆ. ಅಂಥ ಕಡೆ ಡ್ರಿಲ್ ಬಿಟ್ಟಿನ ಹಿಂತುದಿಯನ್ನೇ ತೂರಿಸಿ ನೋಡುವುದು ಮೇಲು. ಆಳ ಅಳೆಯುವ ಕಡ್ಡಿಯ ಮೇಲೆ ನನಗೆ ಹೆಚ್ಚು ನಂಬಿಕೆ ಇಲ್ಲ. ಪಟ್ಟಿಯ ಕಿರಿದಾದ ತುದಿ ಜಾಬಿನ ಮೇಲೆ ನೆಟ್ಟಗೆ ನಿಲ್ಲುವುದೇ ಕಷ್ಟ, 0.1 ವರೆಗಿನ ಕೆಲಸಕ್ಕೆ ಸಾಕು.

ಆದರೆ ಡಿಜಿಟಲ್ ಉಪಕರಣದ ನಿಜವಾದ ಬಲ ಬೇರೆ ಕಡೆ ಇದೆ. ಅದರ ಸೊನ್ನೆಯನ್ನು ಎಲ್ಲಿ ಬೇಕಾದರೂ ಇಡಬಹುದು. ಹಳೆಯ ವರ್ನಿಯರ್‌ಗೆ ಇದು ಆಗದು. ಎರಡು ಒಂದೇ ಗಾತ್ರದ ರಂಧ್ರಗಳ ಕೇಂದ್ರದಿಂದ ಕೇಂದ್ರಕ್ಕೆ ಎಷ್ಟು ದೂರ ಎಂದು ತಿಳಿಯಬೇಕೆನ್ನಿ. ಮೊದಲು ಒಂದು ರಂಧ್ರದ ವ್ಯಾಸವನ್ನು ಒಳ ದವಡೆಗಳಿಂದ ಹಿಡಿದು ಅಲ್ಲೇ ಸೊನ್ನೆ ಒತ್ತಿ. ಈಗ ಅದೇ ದವಡೆಗಳಿಂದ ಎರಡೂ ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಪರದೆಯ ಮೇಲೆ ಕಾಣುವುದೇ ಕೇಂದ್ರಗಳ ದೂರ, ಕೂಡಿಸುವ ಕಳೆಯುವ ಗೋಜಿಲ್ಲ. ನಿಮ್ಮ ಯಂತ್ರದ ಬೇರಿಂಗ್ ಬ್ಲಾಕುಗಳ ಬೋಲ್ಟ್ ರಂಧ್ರಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇದೇ ಬಗೆಯಲ್ಲಿ ಗೊತ್ತಿರುವ ಅಳತೆಯ ತುಂಡೊಂದರ ಮೇಲೆ ಸೊನ್ನೆ ಇಟ್ಟು ಹೊಸ ಜಾಬನ್ನು ಅದಕ್ಕೆ ಹೋಲಿಸಿದರೆ ಉಪಕರಣದ ಸ್ವಂತ ತಪ್ಪಿನ ಬಹುಪಾಲು ಕಳೆದುಹೋಗುತ್ತದೆ. ಎರಡೂ ಅಳತೆಗಳಲ್ಲಿ ಆ ತಪ್ಪು ಸಮನಾಗಿ ಇರುವುದೇ ಕಾರಣ. 20 ಮಿ.ಮೀ. ಶಾಫ್ಟಿಗೆ ಅಂಥ ತುಂಡು ಬೇಕಿದ್ದರೆ ಗ್ರೈಂಡ್ ಮಾಡಿದ 20ರ ಡಾವೆಲ್ ಪಿನ್, ಅಂದರೆ ನಯವಾದ ಉಕ್ಕಿನ ದುಂಡು ಗೂಟ, ತನ್ನಿ. ಸಾಮಾನ್ಯವಾಗಿ ಸಿಗುವ ಎಂ6 ದರ್ಜೆಯದು 20ಕ್ಕಿಂತ 0.008ರಿಂದ 0.021 ವರೆಗೆ ದಪ್ಪ ಇರುತ್ತದೆ.

ಬ್ಯಾಟರಿಯ ವಿಷಯ. ಆಫ್ ಗುಂಡಿ ಒತ್ತಿದರೆ ಪರದೆ ಮಾತ್ರ ಆರುತ್ತದೆ. ಇಂಥ ಹೆಚ್ಚಿನ ಕ್ಯಾಲಿಪರ್‌ಗಳಲ್ಲಿ ಒಳಗಿನ ಎಣಿಕೆ ನಿಲ್ಲುವುದೇ ಇಲ್ಲ. ನಿಂತರೆ ತಲೆ ಎಲ್ಲಿದೆ ಎಂಬುದು ಅದಕ್ಕೆ ಮರೆತುಹೋಗುತ್ತದೆ, ಅದಕ್ಕೆ ಹಗಲೂ ರಾತ್ರಿ ಹದಿನೈದು ಇಪ್ಪತ್ತು ಮೈಕ್ರೋ ಆಂಪಿಯರ್ ಕುಡಿಯುತ್ತಲೇ ಇರುತ್ತದೆ. ಜೊತೆಗೆ ಬರುವ ಎಲ್‌ಆರ್ 44 ಅಥವಾ ಎಜಿ 13 ಕ್ಷಾರೀಯ ಸೆಲ್. ಅದರ ವೋಲ್ಟೇಜು ಬಳಸಿದಂತೆಲ್ಲ ಇಳಿಯುತ್ತ ಹೋಗುತ್ತದೆ, ಒಳಗೆ ಶಕ್ತಿ ಇನ್ನೂ ಉಳಿದಿರುವಾಗಲೇ ಚಿಪ್ಪಿಗೆ ಸಾಲದಾಗಿ ಅಂಕಿಗಳು ಮಿಣುಕತೊಡಗುತ್ತವೆ. ಅದೇ ಗಾತ್ರದ ಎಸ್‌ಆರ್ 44 ಎಂಬ ಬೆಳ್ಳಿ ಆಕ್ಸೈಡಿನ ಸೆಲ್ ಹಾಕಿ. ವಾಚ್ ಅಂಗಡಿಯಲ್ಲಿ ಕೇಳಿ, 357 ಎಂದರೂ ಅದೇ. ಅದು ಕೊನೆಯವರೆಗೂ 1.55 ವೋಲ್ಟಿನ ಹತ್ತಿರವೇ ನಿಲ್ಲುತ್ತದೆ. 150 ಮಿಲಿ ಆಂಪಿಯರ್ ಗಂಟೆಯ ಸೆಲ್ಲಿಗೆ 20 ಮೈಕ್ರೋ ಆಂಪಿಯರಿನ ಲೆಕ್ಕ ಹಾಕಿದರೆ 7,500 ಗಂಟೆ, ಸುಮಾರು ಹತ್ತು ತಿಂಗಳು. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿ ಒಳಗಿನ ತಗಡು ಹಾಳಾಗುವುದೂ ತಪ್ಪುತ್ತದೆ.

ಮಳೆಗಾಲದ ಕುಣಿತಕ್ಕೆ ಕಾರಣ ನೀರು. ತಾಮ್ರದ ಗೆರೆಗಳ ನಡುವಿನ ಕೆಪಾಸಿಟನ್ಸನ್ನು ಓದುವ ಉಪಕರಣದ ಮೇಲೆ ತೇವದ ಪದರ ಕೂತರೆ ಅದು ಓದುವುದೇ ಬೇರೆಯಾಗುತ್ತದೆ. ಬೆವರಿದ ಕೈ, ಲೇತಿನ ಕೂಲೆಂಟ್ ಕೂಡ ಹಾಗೆಯೇ. ಮಲೆನಾಡಿನ ಜುಲೈಯಲ್ಲಿ ಕೊಟ್ಟಿಗೆಯಲ್ಲಿ ಇಡಲೇಬೇಡಿ, ಮನೆಯೊಳಗೆ ಮುಚ್ಚಳವಿರುವ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ದವಡೆಗಳ ನಡುವೆ ಒಂದು ಮಿ.ಮೀ. ಸಂದು ಬಿಟ್ಟು, ಲಾಕ್ ಸ್ಕ್ರೂ ಸಡಿಲಿಸಿ ಇಡಬೇಕು. ಬಳಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಪಟ್ಟಿಯ ಅಂಚಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ ಮತ್ತೆ ಒರೆಸಿ. ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ಸ್ಟಿಕ್ಕರ್ ಎದ್ದು ಬಂದರೆ ಒಳಗಿನ ತಾಮ್ರ ಬಯಲಾಗುತ್ತದೆ.

ಇನ್ನು ನಿಮ್ಮ ಬೇರಿಂಗ್. ತಪಾಸಣೆಯವರು ಪಾಲಿಸುವ ಒಂದು ಲೆಕ್ಕವಿದೆ: ಉಪಕರಣದ ತಪ್ಪು ಅನುಮತಿಸಿದ ವ್ಯತ್ಯಾಸದ ಹತ್ತನೇ ಒಂದು ಭಾಗವನ್ನು, ಕೊನೇ ಪಕ್ಷ ನಾಲ್ಕನೇ ಒಂದು ಭಾಗವನ್ನು ಮೀರಬಾರದು. ಶಾಫ್ಟಿನ ಜೊತೆ ಒಳಸುತ್ತು ತಿರುಗುವ ಬೇರಿಂಗಿಗೆ 20ರ ಶಾಫ್ಟು ಕೆ6 ದರ್ಜೆಯಲ್ಲಿದ್ದರೆ ಅದು 20.002ರಿಂದ 20.015ರ ಒಳಗಿರಬೇಕು. ಇಡೀ ಅವಕಾಶವೇ 0.013. ±0.02 ತಪ್ಪುವ ಉಪಕರಣದಿಂದ, ಅದು ಯಾವ ದೇಶದ್ದೇ ಆಗಲಿ, ಇದನ್ನು ತೀರ್ಮಾನಿಸಲು ಬರುವುದಿಲ್ಲ. ಬೇರಿಂಗ್ ಸಡಿಲವಾದದ್ದಕ್ಕೆ ಮೂಲ ಕಾರಣ ಇದೇ. ಕ್ಯಾಲಿಪರನ್ನು 20.3 ವರೆಗೆ ನಂಬಿ. ಅಲ್ಲಿಂದ ಮುಂದೆ 0–25 ಮಿ.ಮೀ. ಮೈಕ್ರೋಮೀಟರ್ ಹಿಡಿಯಿರಿ. ಜಪಾನಿ ಕ್ಯಾಲಿಪರಿಗೆ ಇಡುವ ಹಣದ ಒಂದು ಪಾಲಿನಲ್ಲಿ ಅದು ಬರುತ್ತದೆ, ನಿಮ್ಮ ಮುಂದಿನ ಖರ್ಚು ಅದರ ಮೇಲೇ ಆಗಲಿ. ಅಳತೆಗೆರೆ ಕೆತ್ತಿದ ಸಾದಾ ಮೈಕ್ರೋಮೀಟರೇ ಸಾಕು, ಬ್ಯಾಟರಿಯ ಹಂಗೂ ಇಲ್ಲ. ಮುಂದೊಂದು ದಿನ ಜಪಾನಿನದೇ ಬೇಕೆನಿಸಿದರೆ ಅಧಿಕೃತ ಮಾರಾಟಗಾರರಲ್ಲಿ ಮಾತ್ರ ಕೊಳ್ಳಿ. ಆ ಹೆಸರಿನ ನಕಲಿಗಳು ಮಾರುಕಟ್ಟೆಯಲ್ಲಿ ಬಹಳ ಇವೆ, ಡಬ್ಬಿ ನೋಡಿ ಗುರುತಿಸುವುದು ಕಷ್ಟ.

ಹೊಸ ಶಾಫ್ಟಿಗೆ ಉಕ್ಕನ್ನು ಹತ್ತು ಮಿ.ಮೀ. ಉದ್ದವಾಗಿಯೇ ಕತ್ತರಿಸಿಕೊಳ್ಳಿ. ಆ ಹೆಚ್ಚುವರಿ ತುದಿಯನ್ನು ಮೊದಲು 20ಕ್ಕೆ ತನ್ನಿ, ಮೈಕ್ರೋಮೀಟರಿನಲ್ಲಿ ಅಳೆದು, ತಣ್ಣಗಾದ ಮೇಲೆ ಬೇರಿಂಗನ್ನೇ ಹಚ್ಚಿ ನೋಡಿ. ಬೇರಿಂಗಿಗಿಂತ ಒಳ್ಳೆಯ ಗೇಜ್ ಇನ್ನೊಂದಿಲ್ಲ. ತಣ್ಣಗಾಗಲಿ ಎಂದದ್ದಕ್ಕೆ ಕಾರಣವಿದೆ: ಟೂಲಿನಡಿಯಿಂದ ಬಂದ 20ರ ಉಕ್ಕು ಕೋಣೆಗಿಂತ 40 ಡಿಗ್ರಿ ಬಿಸಿಯಾಗಿದ್ದರೆ ಸುಮಾರು 0.009 ಹಿಗ್ಗಿರುತ್ತದೆ. ನಿಮಗಿರುವ 0.013ರಲ್ಲಿ ಅದೇ ಮುಕ್ಕಾಲು ಪಾಲು ನುಂಗುತ್ತದೆ. ತುದಿಯಲ್ಲಿ ಬೇರಿಂಗ್ ಕೈಯಿಂದ ಇನ್ನೇನು ಹೋಗುತ್ತದೆ ಎನ್ನುವಂತಾಗಿ ನಿಂತರೆ, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡನ್ನು ಆಡಿಸದೆ ಉಳಿದ ಉದ್ದವನ್ನು ಅದೇ ಅಂಕಿಗೆ ಕೆರೆಯಿರಿ. ಕೊನೆಯ ಕೆಲವು ಮೈಕ್ರಾನ್‌ಗೆ ನುಣುಪು ಎಮರಿ ಕಾಗದ ಸಾಕು. ತುದಿ ಸಡಿಲವಾಗಿಹೋದರೆ ನಷ್ಟವೇನಿಲ್ಲ, ಕತ್ತರಿಸಿ ಹಾಕುವ ಭಾಗವೇ ತಾನೆ.

ಈಗಾಗಲೇ ಸಡಿಲವಾಗಿರುವ ಶಾಫ್ಟಿಗೆ ಪಂಚ್ ಹೊಡೆದು ಚುಕ್ಕಿ ಎಬ್ಬಿಸಿ ಬೇರಿಂಗ್ ಕೂರಿಸುವ ರೂಢಿ ಎಲ್ಲ ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಒಳಸುತ್ತು ಚುಕ್ಕಿಗಳ ಮೇಲೆ ಮಾತ್ರ ಕೂತು ಕೆಲವೇ ದಿನಗಳಲ್ಲಿ ಮತ್ತೆ ಸಡಿಲವಾಗುತ್ತದೆ. ಬೇರಿಂಗ್ ಅಂಗಡಿಯಲ್ಲಿ ರಿಟೇನಿಂಗ್ ಕಾಂಪೌಂಡ್ ಎಂಬ ಅಂಟು ಸಿಗುತ್ತದೆ. ಶಾಫ್ಟನ್ನೂ ಒಳಸುತ್ತನ್ನೂ ಅಸಿಟೋನ್ ಹಾಕಿದ ಬಟ್ಟೆಯಿಂದ ಎಣ್ಣೆಯ ಲವಲೇಶವಿಲ್ಲದಂತೆ ಒರೆಸಿ, ಶಾಫ್ಟಿನ ಮೇಲೆ ತೆಳುವಾಗಿ ಹಚ್ಚಿ, ಬೇರಿಂಗನ್ನು ಸುತ್ತುತ್ತ ಕೂರಿಸಿ. ಅಂಟು ಗುಂಡುಗಳ ಕಡೆಗೆ ಹರಿಯದಂತೆ ನೋಡಿಕೊಂಡು ಒಂದು ದಿನ ಬಿಡಿ. 0.05ರಷ್ಟು ಸಡಿಲವನ್ನು ಅದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಈ ವರ್ಷದ ಅಡಿಕೆ ಸುಲಿಯುವುದಕ್ಕೆ ಅಷ್ಟು ಸಾಕು, ಹೊಸ ಶಾಫ್ಟನ್ನು ಸುಗ್ಗಿ ಮುಗಿದ ಮೇಲೆ ನಿಧಾನವಾಗಿ ಮಾಡಿ.